ಕಿಟಕಿಯಲ್ಲಿ ಕೇಳಿದ ಸ್ಕೂಟರ್ ಪಾಠ

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಿಂದ
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಗುಂಡಾ,

ನಿನ್ನ ಕತ್ತು ನೋವು ಹೇಗಿದೆ? ಗಡಿಯಾರ ರಿಪೇರಿ ಅಂತ ಬೆಳಗಿನಿಂದ ಸಂಜೆವರೆಗೆ ಬಗ್ಗಿ ಕೂತರೆ ಕತ್ತು ಇನ್ನೇನಾಗಬೇಕು ಹೇಳು. ಸೊಸೆಯ ಕೆಮ್ಮು ನಿಂತಿತಾ? ನಾವು ಚೆನ್ನಾಗಿದ್ದೀವಿ. ನಿಮ್ಮಪ್ಪ ಎಂದಿನ ಹಾಗೇ, ಕನ್ನಡಕ ಒಂದು ಕಡೆ, ಅವರು ಒಂದು ಕಡೆ. ಅಕ್ಷರ ನನ್ನದಲ್ಲ ಅಂತ ಗಾಬರಿಯಾಗಬೇಡ, ಅದನ್ನ ಕೊನೆಗೆ ಹೇಳ್ತೀನಿ. ಮೊದಲು ಹೊಟ್ಟೆಯಲ್ಲಿರೋದನ್ನ ಹೊರಗೆ ಹಾಕ್ತೀನಿ, ಇಲ್ಲದಿದ್ದರೆ ಊಟ ಸೇರೋಲ್ಲ.

ಹೋದ ತಿಂಗಳು ನಾಲ್ಕು ದಿನದ ರಜೆಗೆ ಬಂದೆ. ಅದರಲ್ಲಿ ಮೂರು ಬೆಳಗು ಯಾರಿಗೆ ಕೊಟ್ಟೆ? ಎದುರು ಮನೆಯ ನಿನ್ನ ಅತ್ತೆಗೆ, ನನ್ನ ಬೀಗಿತ್ತಿಗೆ! ಬೀದಿ ಕೊನೆಯಲ್ಲಿ ಸಾಲಾಗಿ ನಿಲ್ಲಿಸಿರ್ತಾರಲ್ಲ, ನಿಂತುಕೊಂಡೇ ಓಡಿಸೋ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರು, ಅದನ್ನ ಅವರಿಗೆ ಕಲಿಸೋಕೆ. ಹೋದ ವರ್ಷ ನಾನು ಬಾಯಿಬಿಟ್ಟು ಕೇಳಿದಾಗ ಏನಂದೆ? "ನಿನಗ್ಯಾಕಮ್ಮಾ ಈ ವಯಸ್ಸಲ್ಲಿ ಇದೆಲ್ಲ" ಅಂದೆ. ಬೀಗಿತ್ತಿ ನನಗಿಂತ ಎರಡು ತಿಂಗಳು ದೊಡ್ಡವರು ಕಣೋ! ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಸುಮ್ಮನೆ ಇನ್ನೊಂದು ಹೆಸರು ಯಾಕೆ ಇಡಲಿ.

ಹೊಲಿಗೆ ಮಿಷನ್ನು ಕಿಟಕಿ ಪಕ್ಕದಲ್ಲೇ ಇದೆಯಲ್ಲ, ನಿನ್ನ ಪಾಠ ಪೂರ್ತಿ ಕಿವಿಗೆ ಬೀಳ್ತಿತ್ತು. ಒಂದು ಸ್ಕೂಟರಿಗೆ ಒಬ್ಬರೇ. ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿರಬೇಕು. ಫುಟ್‌ಪಾತು ನಡೆಯೋರದು, ಅದರ ಮೇಲೆ ಹತ್ತಿಸಬಾರದು. ಹ್ಯಾಂಡಲಿಗೆ ಚೀಲ ನೇತುಹಾಕಬಾರದು. ಹೊರಡೋ ಮುಂಚೆ ಬ್ರೇಕು ಒತ್ತಿ ನೋಡಬೇಕು. ಅಬ್ಬಾ, ಎಷ್ಟು ತಾಳ್ಮೆಯಿಂದ ಹೇಳ್ತಿದ್ದೆ! ಫೋನಲ್ಲಿ ಫೋಟೋ ಕಳಿಸೋದು ಹೇಗೆ ಅಂತ ನಾನು ಎರಡನೇ ಸಲ ಕೇಳಿದರೆ ಉಸ್ ಅಂತೀಯ. ಆ ಮೂರು ದಿನದಲ್ಲಿ ಗಿರಾಕಿ ಮೇಷ್ಟ್ರೊಬ್ಬರ ಕೋಟಿನ ತೋಳನ್ನ ಎರಡು ಸಲ ಉಲ್ಟಾ ಹೊಲಿದು ಬಿಚ್ಚಿದೆ.

ನೀನು ಹೋದ ಮೇಲೆ ಇನ್ನೂ ಚೆಂದ. ದಿನಾ ಹತ್ತು ಗಂಟೆಗೆ ನನ್ನ ಕಿಟಕಿ ಮುಂದೆ ಟ್ರಿಣ್ ಅಂತ ಬೆಲ್ಲು. ಬೀಗಿತ್ತಿ ಮಹಾರಾಣಿ ಥರ ನೆಟ್ಟಗೆ ನಿಂತು ಹೋಗ್ತಾರೆ. ನಾನೂ ಬಿಡಲಿಲ್ಲ, ತಪ್ಪು ಹುಡುಕೋಕೆ ಕೂತೆ. ಒಂದು ದಿನ ಹೆಲ್ಮೆಟ್ಟಿನ ಪಟ್ಟಿ ಸಡಿಲ. ಇನ್ನೊಂದು ದಿನ ಗಾಲಿಕುರ್ಚಿಯೋರು ಹತ್ತೋ ಇಳಿಜಾರಿಗೇ ಅಡ್ಡ ನಿಲ್ಲಿಸಿದ್ದರು. ಬಂದ ಗಿರಾಕಿಗಳಿಗೆಲ್ಲ ಬೆರಳು ಮಾಡಿ ತೋರಿಸಿದೆ. ಆದರೂ ಉರಿ ಆರಲಿಲ್ಲ.

ಕೊನೆಗೆ ಹೋದ ಗುರುವಾರ ನಾನೇ ಒಂದು ಬಾಡಿಗೆಗೆ ತಗೊಂಡೆ. ಕೊಡೋ ಮುಂಚೆ ಫೋನಲ್ಲಿ ನಿಯಮದ ಹತ್ತು ಪ್ರಶ್ನೆ ಕೇಳ್ತಾರೆ. ಹತ್ತಕ್ಕೆ ಹತ್ತು! ನೀನು ಇನ್ನೊಬ್ಬರಿಗೆ ಹೇಳಿಕೊಟ್ಟ ಪಾಠ ನನಗೆ ಬಾಯಿಪಾಠವಾಗಿತ್ತು. ಪಟ್ಟಿ ಬಿಗಿದು, ಬ್ರೇಕು ನೋಡಿ, ಸೈಕಲ್ ದಾರಿಯಲ್ಲೇ ಅಂಚೆ ಕಚೇರಿವರೆಗೆ ಚೆನ್ನಾಗಿ ಹೋದೆ. ಅಲ್ಲಿ ಒಬ್ಬರು ನಾಯಿ ಹಿಡಿದುಕೊಂಡು ಅಡ್ಡ ಬಂದುಬಿಟ್ಟರು. ಮೂವತ್ತನಾಲ್ಕು ವರ್ಷದಿಂದ ಮಿಷನ್ ನಿಲ್ಲಿಸಬೇಕಾದರೆ ಬಲಗೈಯಲ್ಲಿ ಚಕ್ರ ಅದುಮಿ ಹಿಡಿಯೋದೇ ನನಗೆ ಅಭ್ಯಾಸ. ಗಾಬರಿಯಲ್ಲಿ ಬಲಗೈ ಅದನ್ನೇ ಮಾಡಿತು. ಸ್ಕೂಟರಲ್ಲಿ ಬಲಗೈ ಹೆಬ್ಬೆರಳ ಕೆಳಗಿರೋದು ವೇಗದ ಗುಂಡಿ! ನಿಲ್ಲು ನಿಲ್ಲು ಅಂತ ಅದುಮಿದಷ್ಟೂ ಓಡಿತು. ನಾಯಿ, ಅದರ ಯಜಮಾನರು ಇಬ್ಬರೂ ಪಾರು, ನಾನು ಬೇಲಿ ಗಿಡದೊಳಗೆ. ಹೆಲ್ಮೆಟ್ಟು ಬಿರುಕು ಬಿಟ್ಟಿದೆ, ತಲೆ ಗಟ್ಟಿಯಾಗಿದೆ. ಕೈ ಸ್ವಲ್ಪ ತರಚಿದೆ ಅಷ್ಟೆ. ನಿಯಮವನ್ನ ಕಿಟಕಿಯಿಂದ ಕಲಿಯಬಹುದು ಮಗಾ, ಕೈಗೆ ಕಲಿಸೋಕೆ ಪಕ್ಕದಲ್ಲಿ ಒಬ್ಬರು ಬೇಕು. ಪುಣ್ಯಕ್ಕೆ ಹಿಂದೆ ಬರ್ತಿದ್ದವರೊಬ್ಬರು ಓಡಿಬಂದು ಎತ್ತಿದರು.

ಹೊತ್ತು ಹೊತ್ತಿಗೆ ಊಟ ಮಾಡಿ, ಇಬ್ಬರೂ ನೂರು ಕಾಲ ನಗ್ತಾ ಇರಿ. ಸೊಸೆಗೆ ಬಿಸಿನೀರೇ ಕುಡಿಯೋಕೆ ಹೇಳು.

ಇಂತಿ,
ಕಿಟಕಿ ಪಕ್ಕದ ನಿನ್ನ ಅಮ್ಮ

ಇನ್ನೊಂದು ಮಾತು: ತರಚಿದ್ದಲ್ಲ ಕಣೋ, ಬಲಗೈ ಮಣಿಕಟ್ಟು ಮುರಿದಿದೆ. ಆರು ವಾರ ಪ್ಲಾಸ್ಟರು, ಅಂಗಡಿ ಬಾಗಿಲು ಹಾಕಿದ್ದೀನಿ. ಎತ್ತಿದವರು ಬೀಗಿತ್ತಿ. ಈ ಕಾಗದ ಬರೀತಿರೋರೂ ಅವರೇ. ನಾನು ಹೇಳ್ತಾ ಹೋದೆ, ಅವರು ಒಂದಕ್ಷರ ಬಿಡದೆ ಬರೆದರು. ಪಟ್ಟಿ ಸಡಿಲ ಅನ್ನೋ ಕಡೆ ಮಾತ್ರ ಪೆನ್ನು ಒಂದು ಗಳಿಗೆ ನಿಂತಿತ್ತು. ಮೇ ತಿಂಗಳಿಗೆ ರಜೆ ಹಾಕಿ ಬಾ. ಮೂರು ಬೆಳಗು, ಮೂರೂ ನನಗೆ. ಬೀಗಿತ್ತಿ ನನ್ನ ಕಿಟಕಿ ಹತ್ತಿರ ಕೂತು ಕೇಳಿಸಿಕೊಳ್ಳಲಿ.

ಆಗಲಿ. ಇದೊಂದು ಮಾತು ಮಾತ್ರ ನನ್ನದು. ನಿನ್ನ ಅತ್ತೆ.