ಕೌದಿ ಹೊಲಿಯಲು ಒಂದು ಗಾಳಿಚಕ್ರ

೧೩ ಮೇ ೧೯೬೨, ರವಿವಾರ. ತಿಕೋಟಾ

ಗಾಳಿಚಕ್ರದ ಒಟ್ಟು ಖರ್ಚು: ಗುಜರಿ ಲಾರಿಯ ಡೈನಮೋ ೬೦. ಹಳೆ ಬ್ಯಾಟರಿ ೮೫. ಟವರಿಗೆ ಕಬ್ಬಿಣದ ಪೈಪು ೧೧೦. ರೆಕ್ಕೆಯ ಕಟ್ಟಿಗೆ, ಬಡಿಗನ ಕೂಲಿ ಸೇರಿ ೧೨. ತಾಮ್ರದ ತಂತಿ ೧೮. ಲಾರಿ ರಿಪೇರಿಯ ಲಾಡಲೇಸಾಬನಿಗೆ ೪೦. ಮುನ್ನೂರಾ ಇಪ್ಪತ್ತೈದು ರೂಪಾಯಿ. ಬಾಲದ ತಗಡು ಮಾತ್ರ ಪುಕ್ಕಟೆ — ನನ್ನದೇ ಅಂಗಡಿಯ ಚಿಮಣಿ ಎಣ್ಣೆ ಡಬ್ಬಿ.

ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಇಷ್ಟು ವರ್ಷ ಎಣ್ಣೆ, ಕಂದೀಲು ಮಾರಿ ಮೇಲೆ ಬಂದವನು. ಈಗ ಕಂದೀಲು ಬೇಡ ಎನ್ನುವ ದೀಪಕ್ಕೆ ದುಡ್ಡು ಸುರಿಯುತ್ತಿದ್ದೇನೆ. ಊರು ನಗುತ್ತಿದೆ. ನಗಲಿ.

ನನ್ನ ಹೆಂಡತಿ ಗುರುಸಿದ್ದವ್ವನಿಗೆ ದಮ್ಮು. ಕಂದೀಲಿನ ಹೊಗೆ ತಾಗಿದರೆ ಎದೆ ಸಿಳ್ಳು ಹೊಡೆಯುತ್ತದೆ. ಮಗಳು ಗೌರಾಬಾಯಿ ಬಬಲೇಶ್ವರದಿಂದ ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಳೆ, ಶ್ರಾವಣದಲ್ಲಿ ಹೆರಿಗೆ. ಕೂಸಿಗೆ ಹೊದಿಸಲು ಹಳೆ ಸೀರೆಗಳ ಕೌದಿಯಾಗಬೇಕು. ಓಣಿಯ ಹೆಂಗಸರಿಗೆ ಹಗಲೆಲ್ಲ ಹೊಲದ ಕೆಲಸ, ಹಾಗಾಗಿ ಹೊಲಿಗೆ ಸಂಜೆಯೇ. ಪಡಸಾಲೆಯಲ್ಲಿ ಕಂದೀಲು, ಹಾಸಿದ ಹಳೆ ಸೀರೆಗಳು, ಸುತ್ತ ಅವರೆಲ್ಲ, ಅವರ ನಗು. ಗುರುಸಿದ್ದವ್ವ ಒಬ್ಬಳೇ ಹೊರಗೆ ಕಟ್ಟೆಯ ಮೇಲೆ, ಕತ್ತಲಲ್ಲಿ. ಮೊದಲ ಮೊಮ್ಮಗುವಿನ ಕೌದಿಯಲ್ಲಿ ಅಜ್ಜಿಯದೊಂದು ಹೊಲಿಗೆ ಇಲ್ಲ...

೨೦ ಮೇ

ಹೊಲದ ದಿನ್ನೆಯ ಮೇಲೆ ಟವರ್ ನಿಂತಿತು. ನಾಲ್ಕು ದಿಕ್ಕಿಗೆ ನಾಲ್ಕು ತಂತಿ ಬಿಗಿದು, ಎತ್ತುಗಳಿಂದ ಹಗ್ಗ ಎಳೆಸಿ ಎಬ್ಬಿಸಿದೆವು. ಊರವರು ಆಗಲೇ ನನ್ನ ಹೆಸರು ಹಚ್ಚಿ 'ಬಸಗೊಂಡಪ್ಪನ ಮಿನಾರ' ಅನ್ನುತ್ತಿದ್ದಾರೆ.

ಲಾಡಲೇಸಾಬ ನಾನು ತಂದ ತಂತಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ.

"ಸಾವಕಾರ್ರ, ಬ್ಯಾಟರಿ ದಿನ್ನಿ ಮ್ಯಾಲ, ಮನಿ ಅಷ್ಟು ದೂರ. ದಪ್ಪನ್ನ ತಂತಿ ಬೇಕ್ರಿ."

"ಲೇ ಸಾಬ, ಸಣ್ಣ ನಳಿಕ್ಯಾಗ ಎಣ್ಣಿ ಬರೂದಿಲ್ಲೇನು? ತಡಾ ಆಗ್ತೈತಿ, ಆದ್ರ ಡಬ್ಬಿ ತುಂಬತೈತಿ."

"ಎಣ್ಣಿ ಬ್ಯಾರೆ, ಕರೆಂಟ್ ಬ್ಯಾರೆ ರೀ."

"ಎಣ್ಣಿ ವಿಷಯ ನನಗ ಹೇಳಬ್ಯಾಡ."

ನಕ್ಕ. ತೆಳ್ಳನೆಯ ತಂತಿಯನ್ನೇ ಮನೆಯವರೆಗೆ ಎಳೆದ.

೨೪ ಜೂನ್, ಸಂಜೆ

ಗಾಳಿ ಬಂತು. ಚಕ್ರ ಎರಡು ದಿನದಿಂದ ಗುಂಯ್‌ಗುಡುತ್ತಿದೆ. ಬ್ಯಾಟರಿ ತುಂಬಿತು. ಪಡಸಾಲೆಯ ಕಂದೀಲು ಆರಿಸಿ, ಗುರುಸಿದ್ದವ್ವನನ್ನು ಒಳಗೆ ಕೂಡಿಸಿ, ಸ್ವಿಚ್ ಒತ್ತಿದೆ.

ಬಲ್ಬು ಬೀಡಿಯ ತುದಿಯಷ್ಟು ಕೆಂಪಾಯಿತು. ಅಷ್ಟೇ.

ಪಕ್ಕದ ಮನೆಯ ಸಾವಂತ್ರವ್ವ ಬಿಡುತ್ತಾಳೆಯೇ — "ಮಾವಾ, ದೀಪ ಹತ್ತೇತೋ ಇಲ್ಲೋ ನೋಡೂನು, ಒಂದು ಕಂದೀಲ ತರ್ರಿ!"

ಎಲ್ಲರಿಗಿಂತ ಮೊದಲು ನಕ್ಕವಳು ಗುರುಸಿದ್ದವ್ವ. ಆಮೇಲೆ ಕಂದೀಲು ತಂದರು. ಅವಳು ಎದ್ದು ಹೊರಗೆ ಹೋದಳು.

ಲಾಡಲೇಸಾಬ ಅದೇ ಬಲ್ಬನ್ನು ದಿನ್ನೆಗೆ ಒಯ್ದು ಬ್ಯಾಟರಿಗೆ ಹಚ್ಚಿದ. ಹಗಲಿನಂಥ ಬೆಳಕು. "ಸಣ್ಣ ತಂತ್ಯಾಗ ಕರೆಂಟ್ ಹಾದ್ಯಾಗನ ಖರ್ಚ ಆಗ್ತೈತ್ರಿ. ತಡಾ ಆಗಿ ಬರೂದಿಲ್ಲ, ಬರೂದಽ ಇಲ್ಲ." ದಪ್ಪ ತಂತಿ ವಿಜಾಪುರದಲ್ಲಿ ಸಿಗಲಿಲ್ಲ. ಸೊಲ್ಲಾಪುರದಿಂದ ಬರಬೇಕಂತೆ. ಎರಡು ತಿಂಗಳು. ಕೂಸು ಅಷ್ಟು ದಿನ ಕಾಯುವುದಿಲ್ಲ.

೧ ಜುಲೈ

ಬ್ಯಾಟರಿಯನ್ನೇ ಮನೆಗೆ ಹೊತ್ತು ತಂದೆವು. ಬೆಳಕೇನೋ ಚೆನ್ನಾಗಿ ಬಂತು. ಆದರೆ ಆಸಿಡ್ಡಿನ ವಾಸನೆಗೆ ಇವಳ ಎದೆ ಇನ್ನೂ ಕಟ್ಟಿತು. ಇಳಿಸುವಾಗ ನನ್ನ ಕೈ ಜಾರಿ ನಾಲ್ಕು ಹನಿ ಕೌದಿಯ ಮೇಲೆ ಬೇರೆ. ನೋಡನೋಡುತ್ತ ತೂತು.

ಅವಳು ತೂತಿನೊಳಗೆ ಬೆರಳು ಹಾಕಿ ನೋಡಿದಳು. "ಇದು ನಮ್ಮವ್ವನ ಸೀರಿ ರೀ." ಅಷ್ಟೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

೮ ಜುಲೈ

ಬ್ಯಾಟರಿ ಮತ್ತೆ ದಿನ್ನೆಗೆ ಹೋಯಿತು. ಮನೆಯ ಹೊರಗೆ ಇಟ್ಟರೂ ತುಂಬಿಸಲು ಮತ್ತೆ ಮತ್ತೆ ದಿನ್ನೆಗೆ ಹೊರಬೇಕು; ಆ ಧೈರ್ಯ ಇನ್ನಿಲ್ಲ.

ಇವತ್ತು ರೊಟ್ಟಿ ಬಡಿಸುತ್ತ ತಾನಾಗಿ ಮಾತು ತೆಗೆದಳು.

"ಬೆಳಕು ಮನಿಗೆ ಬರೂದಿಲ್ಲ ಅಂದ್ರ ನಾವಽ ಅದರ ಕಡೆ ಹೋದ್ರ ಆತಲ್ಲ?"

"ದಿನ್ನಿ ಏರೂದು? ಈ ಎದಿ ಹೊತಗೊಂಡು?"

"ಕೂತಕೂತ ಏರ್ತೀನಿ. ಹೆಂಗೂ ಇಲ್ಲಿ ಕತ್ತಲ್ದಾಗ ಕೂತಽ ಅದೀನಿ. ಅಲ್ಲಿ ಹಾದ್ಯಾಗ ಕೂಡ್ತೀನಿ."

ಮಧ್ಯಾಹ್ನವೇ ಲಾಡಲೇಸಾಬನಿಗೆ ಹೇಳಿ ಕಳಿಸಿದೆ. ಟವರಿನ ಬುಡದಲ್ಲಿ ತಗಡಿನ ಶೆಡ್. ಬಲ್ಬು ಒಳಗೆ, ಬ್ಯಾಟರಿ ಹೊರಗೆ, ವಾಸನೆ ಗಾಳಿಯ ಪಾಲಿಗೆ.

೧೫ ಜುಲೈ

ಎಲ್ಲರೂ ದಿನ್ನೆ ಏರಿದೆವು. ಕೌದಿಯ ಗಂಟು ನನ್ನ ತಲೆಯ ಮೇಲೆ. ಶೆಡ್ಡಿನೊಳಗೆ ಇಣುಕಿದೆ — "ಗಂಡಸರಿಗೆ ಇಲ್ಲೇನ ಕೆಲಸಾ? ಬ್ಯಾಟರಿ ಕಾಯ ಹೋಗ್ರಿ!" ಸಾವಂತ್ರವ್ವ ಅಟ್ಟಿದಳು. ಕಾದೆ.

ಬೆಳಕು ನೆಟ್ಟಗಿತ್ತು. ಗುರುಸಿದ್ದವ್ವ ಸೂಜಿಗೆ ತಾನೇ ದಾರ ಪೋಣಿಸಿದಳು. ತವರೂರು ಕಾಖಂಡಕಿಯ ಯಾವುದೋ ಮದುವೆಯಲ್ಲಿ ಬೀಗರ ರುಮಾಲು ಸಾರಿನ ಕೊಡದಲ್ಲಿ ಬಿದ್ದ ಕಥೆ ತೆಗೆದಳು. ಮುಗಿಸುವವರೆಗೂ ಕೆಮ್ಮಲಿಲ್ಲ. ದಿನ್ನೆಯ ಗಾಳಿಗೆ ಉಸಿರು ಸಡಿಲವಾಗಿರಬೇಕು. ಆ ಕಥೆಯನ್ನು ನನಗೆ ಎಂದೂ ಹೇಳಿರಲಿಲ್ಲ. ತಗಡಿಗೆ ಕಿವಿ ಹಚ್ಚಿ ಪೂರ್ತಿ ಕೇಳಿದೆ.

೫ ಆಗಸ್ಟ್

ಕೌದಿ ಮುಗಿಯಿತು. ಆಸಿಡ್ ತಿಂದ ಕಡೆ ನನ್ನ ಹಳೆಯ ಧೋತರದ ತೇಪೆ. ಕೊನೆಯ ಮೂಲೆ ಮುಚ್ಚುವ ಮೊದಲು ಹೋಳಿಗೆಯ ಚೂರು ಇಟ್ಟು ಹೊಲಿದರು — ಕೌದಿ ಹಸಿದಿರಬಾರದಂತೆ.

೧೨ ಆಗಸ್ಟ್, ರವಿವಾರ

ಯಾರಿಗೆ ಏನು ಬಂತು:

ಗೌರಾಬಾಯಿಗೆ ಹೆಣ್ಣು ಕೂಸು, ಬುಧವಾರ. ಇಬ್ಬರೂ ಆರಾಮ.

ಕೂಸಿಗೆ ಕೌದಿ. ಈಗಾಗಲೇ ಎರಡು ಸಲ ತೋಯಿಸಿದೆ.

ಲಾಡಲೇಸಾಬನಿಗೆ ಗಾಳಿಚಕ್ರ ಬೇಕೆನ್ನುವ ಬಬಲೇಶ್ವರದ ಒಬ್ಬ ಗಿರಾಕಿ. ದಪ್ಪ ತಂತಿಯದೇ ಮಾತಾಗಿದೆ.

ಸಾವಂತ್ರವ್ವನಿಗೆ ಶೆಡ್ಡಿನಲ್ಲಿ ಜಾಗ. ನಿನ್ನೆಯಿಂದ ಅವಳ ಮನೆಯ ಕೌದಿ ಹಾಸಿದ್ದಾರೆ. ಓಣಿಯಲ್ಲಿ ನನ್ನ ಎಣ್ಣೆ ಅಷ್ಟು ಕಡಿಮೆ ಖರ್ಚಾಗುತ್ತದೆ.

ಗುರುಸಿದ್ದವ್ವನಿಗೆ ಅವಳ ಸಂಜೆಗಳು.

ನನಗೆ ಗಂಟು ಹೊರುವ ಕೆಲಸ. ನಡುದಾರಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುವಾಗ ಅವಳು ನನ್ನ ಹೆಗಲ ಮೇಲೆ ಕೈ ಇಡುತ್ತಾಳೆ. ನಾಲ್ಕು ಮಂದಿಯ ಎದುರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಮ್ಮೆಯೂ...

ಕರೆಯುತ್ತಿದ್ದಾಳೆ. ಗಂಟು ಕಟ್ಟಿಯಾಗಿದೆಯಂತೆ.