ಸಾರಜನಕದ ಕೋಣೆ

ಮನೆಯಿಂದ,
ಮಾರ್ಚ್ ೧೨, ಗುರುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯ ತಾನೆ? ಅಮ್ಮ ಆರಾಮಾಗಿದ್ದಾಳೆ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ, ಎರಡನೇ ಪುಟವನ್ನು ಮಾತ್ರ ನುಂಗಿಕೊಂಡೆ.

ಗೋದಾಮಿನಲ್ಲಿ ಸೇಬು ಕೆಡದಿರಲೆಂದು ಕೋಣೆಗೆ ಸಾರಜನಕ ತುಂಬಿ ಮುಚ್ಚುತ್ತಾರೆ, ವಾರಕ್ಕೊಮ್ಮೆ ಸಾಹೇಬರಿಗೆ ಮಾದರಿ ಹಣ್ಣು ಬೇಕು, ಆಗ ನೀನೂ ನಿನ್ನ ಜೊತೆಗಾರ ಉದ್ದಣ್ಣನೂ ಸರದಿಯ ಮೇಲೆ ಉಸಿರು ಬಿಗಿಹಿಡಿದು ಒಳಗೆ ಓಡಿ ನಾಲ್ಕು ಹಣ್ಣು ಎತ್ತಿಕೊಂಡು ಬರುತ್ತೀರಿ ಎಂದು ಬರೆದಿದ್ದೀಯ. ‘ಹೆದರಬೇಡಕ್ಕಾ, ಅದೇನು ವಿಷ ಅಲ್ಲ, ನಾವು ಉಸಿರಾಡೋ ಗಾಳೀಲಿ ಮುಕ್ಕಾಲು ಪಾಲು ಅದೇ ಅಂತೆ’ ಎಂದು ನನಗೇ ಪಾಠ ಬೇರೆ. ಚಿಕ್ಕವನಿದ್ದಾಗ ನೀರಿನ ತೊಟ್ಟಿಯಲ್ಲಿ ತಲೆ ಮುಳುಗಿಸಿ, ನೂರು ಎಣಿಸು ಎಂದು ಪ್ರಾಣ ತಿನ್ನುತ್ತಿದ್ದವನಲ್ಲವೇ ನೀನು. ನಾನು ಮೋಸ ಮಾಡುತ್ತಿದ್ದೆ ಕಣೋ, ಐವತ್ತರ ನಂತರ ಹತ್ತು ಹತ್ತು ಹಾರಿಸುತ್ತಿದ್ದೆ. ನಿನ್ನ ಉಸಿರು ನೀನು ಅಂದುಕೊಂಡಷ್ಟು ಗಟ್ಟಿಯಿಲ್ಲ.

ನನ್ನ ಕೆಲಸ ನಿನಗೆ ಗೊತ್ತು, ಕಾರ್ಖಾನೆಗಳ ಎಚ್ಚರಿಕೆ ಫಲಕಗಳಿಗೆ ನಾಲ್ಕು ಭಾಷೆಗಳಲ್ಲಿ ಮಾತು ಹೊಂದಿಸುವುದು. ಈ ವಾರ ಮೇಜಿನ ಮೇಲೆ ಇದೇ ಪದ. ಫ್ರೆಂಚರು ಅಜೋಟ್ ಎನ್ನುತ್ತಾರೆ. ಗ್ರೀಕ್ ಮೂಲದ್ದು, ಜೀವವಿಲ್ಲದ್ದು ಎಂದು ಅರ್ಥ. ಜರ್ಮನರ ಸ್ಟಿಕ್‌ಸ್ಟಾಫ್ ಎಂದರೆ ಉಸಿರುಗಟ್ಟಿಸುವ ವಸ್ತು. ಇಂಗ್ಲಿಷಿನ ನೈಟ್ರೋಜನ್ ಪಟಾಕಿ ಮದ್ದಿಗೆ ಹಾಕುವ ಪೆಟ್ಲುಪ್ಪಿನಿಂದ ಬಂದದ್ದು, ಅದರಲ್ಲಿ ಭಯವೂ ಇಲ್ಲ, ಭರವಸೆಯೂ ಇಲ್ಲ. ನಮ್ಮವರು ಮಾತ್ರ ಸಾರವನ್ನು ಹುಟ್ಟಿಸುವುದು ಎಂದು ಕರೆದರು. ಬೆಳೆಯ ಮಟ್ಟಿಗೆ ಅದು ಸರಿಯೇ. ಆದರೆ ಬಾಗಿಲ ಮೇಲೆ ಬರೆದರೆ ಟಾನಿಕ್ಕಿನ ಹೆಸರಿನಂತಿದೆ. ಹತ್ತು ವರ್ಷಗಳಿಂದ ನಾನು ಆ ಪದವನ್ನೇ ಬರೆದು, ಕೆಳಗೆ ‘ವಿಷವಲ್ಲ’ ಎಂದೂ ಸೇರಿಸಿ ಕಳಿಸಿದ್ದೇನೆ. ನಿಮ್ಮ ಬಾಗಿಲ ಮೇಲಿರುವುದೂ ನನ್ನದೇ ಇರಬಹುದು.

ನಿನ್ನೆ ಕಚೇರಿಗೆ ಬಂದಿದ್ದ ಸುರಕ್ಷತಾ ಅಧಿಕಾರಿಯನ್ನು ಕೇಳಿದೆ. ‘ವಿಷ ಅಲ್ಲಮ್ಮ, ಆದ್ರೆ ಅಲ್ಲಿ ಉಸಿರಾಡೋಕೆ ಏನೂ ಇರಲ್ಲ. ಒಂದೆರಡು ಸಲ ಎಳ್ಕೊಂಡ್ರೆ ಸಾಕು. ಕೆಮ್ಮು ಬರಲ್ಲ, ಉಸಿರು ಕಟ್ಟಿದ್ದೂ ಗೊತ್ತಾಗಲ್ಲ, ನಿಂತಲ್ಲೇ ಕುಸೀತಾರೆ’ ಎಂದರು. ಪೆಟ್ಟಿಗೆಗೆ ಎಡವಿದರೆ, ಒಂದು ಸೀನು ಬಂದರೆ ಏನು ಮಾಡುತ್ತೀಯ? ನನಗೆ ತುಂಬಾ ಭಯವಾಗುತ್ತಿದೆ. ನಿಮ್ಮ ಗೋದಾಮಿಗೆ ಎರಡು ಸಲ ಫೋನ್ ಮಾಡಿದೆ. ಕಾವಲುಗಾರ ‘ಸಾಹೇಬ್ರಿಲ್ಲ’ ಎಂದು, ನಿನ್ನನ್ನೂ ಕರೆಯದೆ ಇಟ್ಟುಬಿಟ್ಟ. ಫಲಕದ ಮಾತನ್ನು ‘ಒಳಗೆ ಉಸಿರಾಡಿದರೆ ಸಾವು’ ಎಂದು ಬದಲಿಸಿ ಅಚ್ಚಿಗೆ ಕೊಟ್ಟಿದ್ದೇನೆ. ಅದು ತಲುಪುವವರೆಗೆ ಈ ಕಾಗದವನ್ನೇ ಫಲಕವೆಂದುಕೊ. ಒಳಗೆ ಹೋಗುವುದಿಲ್ಲ ಎಂದು ಸಾಹೇಬರಿಗೆ ಹೇಳಿಬಿಡು. ಬೈದರೆ ಬೈಸಿಕೊ, ಕೆಲಸ ಹೋದರೆ ಮನೆಗೆ ಬಾ.

ಅಮ್ಮ ನಿನ್ನ ತಲೆ ಸವರಿದಳೆಂದುಕೊ. ಚೆನ್ನಾಗಿರು.

ಇಂತಿ,
ನಿನ್ನ ಅಕ್ಕ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಇಂಥ ಕೋಣೆಗಳಲ್ಲಿ ಬಿದ್ದವನ ಹಿಂದೆಯೇ ಅವನನ್ನು ಎತ್ತಲು ಹೋದವನೂ ಸಾಯುತ್ತಾನಂತೆ. ನೀನು ಹೋಗದಿದ್ದರೆ ನಿನ್ನ ಸರದಿಯೂ ಉದ್ದಣ್ಣನ ತಲೆಗೇ ಬರುತ್ತದೆ. ಅವನನ್ನೂ ತಡೆ. ನಿನ್ನ ಮಾತು ಕೇಳದೆ ಹೋಗಿ ಬಿದ್ದನೆಂದರೆ ಹೊರಗೇ ನಿಂತು ಕೂಗು, ಉಸಿರಿನ ಸಿಲಿಂಡರ್ ಇರುವವರನ್ನು ಕರೆಸು. ನೀನು ಮಾತ್ರ ಒಳಗೆ ಕಾಲಿಡಬೇಡ. ಅವನಿಗೂ ಒಬ್ಬಳು ಅಕ್ಕ ಇದ್ದಾಳೆಂದು ನೀನೇ ಬರೆದಿದ್ದೀಯ. ಆದರೂ ಕಾಲಿಡಬೇಡ.