ಮಹಾರಾಣಿಯ ಮೀಸೆ

೮-೧೧-೧೯೫೬, ಗುರುವಾರ. ಯಶವಂತಪುರ ಮೊಕ್ಕಾಂ.

ಮೀಸೆ ತುರಿಸುತ್ತಿದೆ. ವರ್ಷಗಟ್ಟಲೆ ಎರಡು ಹೊತ್ತೂ ಬೋಳಿಸಿಕೊಂಡು ಈ ನಾಟಕ ಕಂಪನಿಯ ಮಹಾರಾಣಿಯಾಗಿ ಮೆರೆದವನು ನಾನು. ಈಗ ಆ ಪಾತ್ರಕ್ಕೆ ಸಾಕ್ಷಾತ್ ಹೆಂಗಸೇ ಬಂದಿದ್ದಾಳೆ, ಗೊರಗುಂಟೆಪಾಳ್ಯದ ನಾಗರತ್ನ. "ಜನಕ್ಕೆ ನಿಜವಾದ ಹೆಣ್ಣೇ ಬೇಕಂತೆ ಕಣಯ್ಯ. ನೀನು ಮೀಸೆ ಬಿಡು, ಸೇನಾಪತಿ ಆಗು," ಎಂದು ಯಜಮಾನರು ಅಪ್ಪಣೆ ಕೊಡಿಸಿದ್ದಾರೆ. ರಾಜ್ಯ ಹೋಯಿತು, ಬದಲಿಗೆ ನಾಲ್ಕು ಕೂದಲು ಬಂದವು.

ಇವತ್ತು ತಾಲೀಮು. ದುಷ್ಟ ಸೇನಾಪತಿಯಾದ ನಾನು ರಾಣಿಯ ಕೈ ಹಿಡಿದೆಳೆಯಬೇಕು. ಗರ್ಜಿಸುತ್ತ ಹೋಗಿ ಹಿಡಿದೆ. ಹಿಡಿದದ್ದೇ ತಡ, ಹಳೆಯ ಅಭ್ಯಾಸದಲ್ಲಿ ನಾನೇ "ಹಾ ಪ್ರಾಣನಾಥಾ!" ಎಂದು ಕಿರುಚಿಬಿಟ್ಟೆ.

ಹಾರ್ಮೋನಿಯಂ ಬಾರಿಸುವ ಪಿಳ್ಳಪ್ಪ ನಕ್ಕು ನಕ್ಕು ಪೆಟ್ಟಿಗೆಯ ಮೇಲೇ ಬಿದ್ದ. "ಸೇನಾಪತಿಗಳೇ, ನಿಮ್ಮನೆಯೋರು ಯಾವೂರ್ನೋರು?"

ನಾಗರತ್ನ ಮಾತ್ರ ನಗಲಿಲ್ಲ. "ಅಣ್ಣಾ, ಇನ್ನೊಂದ್ಸಲ ಅಂಗೇ ಕೂಗಿ. ನಂಗೆ ಅಂಗೆ ಬರಾಕಿಲ್ಲ," ಎಂದಳು.

ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ನನ್ನ ಸೀರೆ, ಡಾಬು, ಚೌರಿ ಎಲ್ಲವೂ ಆಗಲೇ ಅವಳ ಪಾಲಾಗಿವೆ. ಆ ಕೂಗನ್ನೂ ಕೊಟ್ಟುಬಿಟ್ಟರೆ ನನಗೆ ಉಳಿಯುವುದು ಈ ಮೀಸೆಯೊಂದೇ. ಅದೂ ಎಡಗಡೆ ಇನ್ನೂ ಸರಿಯಾಗಿ...